ತೆಳು ಗೆರೆಯ ಕೈಬರಹದ ಫಾಂಟ್: ಬಿಡಬೇಕಾ, ಇಟ್ಟುಕೊಳ್ಳಬೇಕಾ?

ಪ್ರಶ್ನೆ: ನಾನು ಕೈಯಲ್ಲಿ ಹೊಲಿದ ನೋಟ್‌ಬುಕ್‌ಗಳನ್ನು ಮಾಡಿ ಮಾರುತ್ತೇನೆ. ನಮ್ಮ ಹೆಸರಿಗೆ ಒಂದು ಇಂಗ್ಲಿಷ್ ಫಾಂಟ್ ಆರಿಸಿಕೊಂಡಿದ್ದೇನೆ. ತುಂಬಾ ತೆಳು, ಉದ್ದುದ್ದ ಅಕ್ಷರ, ಪೆನ್ನಿನಲ್ಲಿ ಬರೆದ ಹಾಗೆ ಗೆರೆ ಸ್ವಲ್ಪ ಅಲುಗಿದೆ. ಲ್ಯಾಪ್‌ಟಾಪ್‌ನಲ್ಲಿ ನೋಡಿದಾಗಲೇ ಮನಸ್ಸಿಗೆ ಹಿಡಿಸಿತು. ಕಡು ಹಸಿರಿನ ಮೇಲೆ ಬಿಳಿ ಅಕ್ಷರ ಹಾಕಿ ಲೇಬಲ್ ಪ್ರಿಂಟ್ ಮಾಡಿಸಿದೆ. ಅಕ್ಷರದ ಎತ್ತರ ಸುಮಾರು 4 ಮಿಲಿಮೀಟರ್. ಬಂದ ಲೇಬಲ್‌ನಲ್ಲಿ ಗೆರೆಗಳು ಅಲ್ಲಲ್ಲಿ ತುಂಡಾಗಿವೆ. ವೆಬ್‌ಸೈಟ್‌ನಲ್ಲಿ ಅದೇ ಫಾಂಟ್ ನನ್ನ ಫೋನಿನಲ್ಲಿ ಚೆನ್ನಾಗಿ ಕಾಣುತ್ತದೆ, ತಮ್ಮನ ಹಳೆಯ ಮಾನಿಟರ್‌ನಲ್ಲಿ ಬೂದು ಬಣ್ಣಕ್ಕೆ ತಿರುಗಿದೆ. ಪ್ರಿಂಟ್ ಮಾಡಿದವರು ‘ಫಾಂಟೇ ಸರಿಯಿಲ್ಲ, ಬದಲಾಯಿಸಿ’ ಅಂತಾರೆ. ಗೆಳತಿ ‘ಬೋಲ್ಡ್ ಒತ್ತಿದರೆ ಆಯ್ತಲ್ಲ’ ಅಂತಾಳೆ. ಇನ್ನೊಬ್ಬರು ತೆಳು ಫಾಂಟಿನ ಕಾಲ ಮುಗಿದುಹೋಯಿತು ಅಂದರು. ಪ್ರದರ್ಶನಗಳಿಗೆ ಒಂದು ಬ್ಯಾನರ್ ಬೇಕು, ಹೆಸರು ಕನ್ನಡದಲ್ಲೂ ಇರಬೇಕು. ಈ ಫಾಂಟ್ ಬಿಟ್ಟುಬಿಡಲಾ?

ಉತ್ತರ: ಬಿಡಬೇಕಾಗಿಲ್ಲ. ಆದರೆ ಈಗ ಹಾಕಿರುವ ಜಾಗಗಳಲ್ಲಿ ಕೆಲವು ಕಡೆಯಿಂದ ತೆಗೆಯಬೇಕಾಗುತ್ತದೆ.

ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ತೊಂದರೆ ಸೇರಿಕೊಂಡಿವೆ. ಲೇಬಲ್‌ನದು ಶಾಯಿಯ ತೊಂದರೆ. ಮಾನಿಟರ್‌ನದು ಪಿಕ್ಸೆಲ್ ತೊಂದರೆ. ಬ್ಯಾನರ್ ಮಾಡಿಸಿದಾಗ ಬರುವುದು ದೂರದ ತೊಂದರೆ. ಮೂರರ ಬೇರು ಒಂದೇ. ಕೊನೆಗೆ ಗೆರೆ ಎಷ್ಟು ದಪ್ಪ ಬರುತ್ತದೆ ಅನ್ನುವುದನ್ನು ಯಾರೂ ಅಳೆದು ನೋಡಿಲ್ಲ. ಎಲ್ಲರೂ ಫಾಂಟ್ ಸೈಜ್ ನೋಡಿದ್ದಾರೆ. ತೆಳು ಫಾಂಟಿನಲ್ಲಿ ಸೈಜ್ ನೋಡಿದರೆ ಸಾಲದು, ಗೆರೆಯ ದಪ್ಪ ನೋಡಬೇಕು. ನನ್ನ ಕೆಲಸದಲ್ಲಿ ಇಂಥ ಫಾಂಟ್ ಹಿಡಿದುಕೊಂಡು ಯಾರು ಬಂದರೂ ನಾನು ಮೊದಲು ಕೈಗೆ ತೆಗೆದುಕೊಳ್ಳುವುದು ಸ್ಕೇಲನ್ನು.

ಲೆಕ್ಕಕ್ಕೆ ಹೋಗುವ ಮುಂಚೆ, ನಿಮಗೆ ಈ ಫಾಂಟ್ ಯಾಕೆ ಹಿಡಿಸಿತು ಅಂತ ನೋಡೋಣ. ಅದು ಗೊತ್ತಿದ್ದರೆ ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಟ್ಟರೆ ನಷ್ಟವಿಲ್ಲ ಅನ್ನುವುದೂ ಗೊತ್ತಾಗುತ್ತದೆ.

ದಪ್ಪ ಅಕ್ಷರ ಬರೆಯುವಾಗ ಕೈ ಅರ್ಧ ಮಿಲಿಮೀಟರ್ ಅಲುಗಿದರೆ ಯಾರಿಗೂ ಕಾಣುವುದಿಲ್ಲ. 3 ಮಿಲಿಮೀಟರ್ ಗೆರೆಯಲ್ಲಿ ಅದೇ ಅಲುಗಾಟ ಗೆರೆಯ ಆರನೇ ಒಂದು ಭಾಗ. ಕಣ್ಣು ಅದನ್ನು ತಕ್ಷಣ ಹಿಡಿಯುತ್ತದೆ. ನಿಂತ ಗೆರೆ ನೆಟ್ಟಗಿಲ್ಲ, ಒಂದು ಚೂರು ವಾಲಿದೆ. ‘ಓ’ ಅಕ್ಷರದ ಸುತ್ತು ಶುರುವಾದ ಜಾಗಕ್ಕೆ ಸರಿಯಾಗಿ ಬಂದು ಸೇರಿಲ್ಲ. ಗೆರೆಯ ತುದಿ ಪೆನ್ನು ಎತ್ತಿದ ಹಾಗೆ ಉರುಟಾಗಿದೆ. ಅಡ್ಡಗೆರೆ ಒಂದು ಅಕ್ಷರದಲ್ಲಿ ಮೇಲೆ, ಇನ್ನೊಂದರಲ್ಲಿ ಕೆಳಗೆ. ಇದನ್ನೆಲ್ಲ ನೋಡಿ ‘ಯಾರೋ ಕೂತು ಬರೆದಿದ್ದಾರೆ’ ಅನ್ನಿಸುತ್ತದೆ. ಕೈಯಲ್ಲಿ ಹೊಲಿದ ನೋಟ್‌ಬುಕ್ಕಿಗೆ ಇದು ಚೆನ್ನಾಗಿ ಒಪ್ಪುತ್ತದೆ. ನಿಮ್ಮ ಆಯ್ಕೆಯಲ್ಲಿ ನನಗೇನೂ ತಪ್ಪು ಕಾಣುತ್ತಿಲ್ಲ.

ಇನ್ನೊಂದು ಗುಣ ಅಕ್ಷರದ ಒಳಗಿನ ಮತ್ತು ಸುತ್ತಲಿನ ಖಾಲಿ ಜಾಗ. ಗೆರೆ ತೆಳುವಾದಷ್ಟೂ ಒಳಗಿನ ಬಿಳಿ ಜಾಸ್ತಿ. ಇಂಥ ಅಕ್ಷರವನ್ನು ಇಕ್ಕಟ್ಟಾದ ಕಡೆ ತುರುಕಿದರೆ ಗೆರೆ ಚೆನ್ನಾಗಿಯೇ ಬಂದಿದ್ದರೂ ಸೊಗಸು ಹೋಗುತ್ತದೆ. ಸುತ್ತ ಜಾಗ ಬಿಟ್ಟು, ಅಕ್ಷರಗಳ ನಡುವೆಯೂ ಒಂದಿಷ್ಟು ಹೆಚ್ಚು ಬಿಡಿ. ಒಂದು ಎಚ್ಚರಿಕೆ: ಅಕ್ಷರಕ್ಕೆ ಅಕ್ಷರ ಕೂಡಿಕೊಂಡು ಹೋಗುವ ಶೈಲಿಯ ಫಾಂಟ್ ಆಗಿದ್ದರೆ ನಡುವಿನ ಜಾಗ ಮುಟ್ಟಬೇಡಿ. ಕೂಡುಗೆರೆ ಹರಿದುಹೋಗುತ್ತದೆ.

ಕೈಬರಹದ ಫಾಂಟಿನ ಗುಟ್ಟು ರಟ್ಟಾಗುವುದು ಒಂದೇ ಅಕ್ಷರ ಎರಡು ಸಲ ಬಂದಾಗ. ಅಕ್ಕಪಕ್ಕದ ಎರಡು ‘ಓ’ಗಳು ಒಂದೇ ಕಡೆ, ಒಂದೇ ರೀತಿ ಸೊಟ್ಟಗಿದ್ದರೆ ಇದು ಮೆಷಿನ್ ಅಂತ ಗೊತ್ತಾಗಿಬಿಡುತ್ತದೆ. ಮುತುವರ್ಜಿಯಿಂದ ಮಾಡಿದ ಫಾಂಟುಗಳಲ್ಲಿ ಒಂದೇ ಅಕ್ಷರಕ್ಕೆ ಎರಡು ಮೂರು ರೂಪ ಇಟ್ಟಿರುತ್ತಾರೆ. ಓಪನ್‌ಟೈಪ್ ಸೌಲಭ್ಯ ಇರುವ ಸಾಫ್ಟ್‌ವೇರ್‌ನಲ್ಲಿ ಆಲ್ಟರ್ನೇಟ್ಸ್ ಅನ್ನುವ ಆಯ್ಕೆ ಆನ್ ಮಾಡಿದರೆ ಅವು ತಾವಾಗಿಯೇ ಬದಲಾಗುತ್ತವೆ. ಬರೀ ಕ್ಯಾಪಿಟಲ್ ಅಕ್ಷರಗಳಿರುವ ಫಾಂಟುಗಳಲ್ಲಿ ಇನ್ನೊಂದು ಉಪಾಯ ಉಂಟು. ಎಷ್ಟೋ ಫಾಂಟುಗಳಲ್ಲಿ ಲೋವರ್‌ಕೇಸ್ ಜಾಗದಲ್ಲಿ ಅದೇ ಕ್ಯಾಪಿಟಲ್‌ನ ಬೇರೆ ರೂಪ ಕೂತಿರುತ್ತದೆ. ಸುಮ್ನೆ ಎರಡನ್ನೂ ಬೆರೆಸಿ ಟೈಪ್ ಮಾಡಿ ನೋಡಿ. ಎಲ್ಲದರಲ್ಲೂ ಹೀಗಿರುವುದಿಲ್ಲ. ಗೂಗಲ್ ಫಾಂಟ್ಸ್‌ನಲ್ಲಿ ಸಿಗುವ, ವರ್ನನ್ ಆಡಮ್ಸ್ ರೂಪಿಸಿದ ಅಮ್ಯಾಟಿಕ್ ಎಸ್‌ಸಿ ಇದೇ ಜಾತಿಯ ತೆಳು, ಕಿರಿದಾದ ಫಾಂಟ್. ಅದರಲ್ಲಿ ಲೋವರ್‌ಕೇಸ್ ಒತ್ತಿದರೆ ಬರುವುದು ಚಿಕ್ಕ ಗಾತ್ರದ ಕ್ಯಾಪಿಟಲ್.

‘ವೆಕ್ಟರ್ ಅಲ್ವಾ, ಯಾವ ಸೈಜಿಗಾದರೂ ಬರುತ್ತೆ’

ನೀವು ಬರೆದಿಲ್ಲ, ಆದರೆ ನೀವೂ ನಿಮ್ಮ ಪ್ರಿಂಟರೂ ಇದನ್ನು ನಂಬಿಕೊಂಡೇ ಲೇಬಲ್ ಮಾಡಿದ್ದೀರಿ ಅನ್ನಿಸುತ್ತದೆ. ವೆಕ್ಟರ್ ಅಂದರೆ ಪಿಕ್ಸೆಲ್ ಚುಕ್ಕೆಗಳಾಗಿ ಅಲ್ಲದೆ ಗೆರೆಯ ಆಕಾರವಾಗಿ ಇಟ್ಟ ಚಿತ್ರ. ಮಾತು ಅರ್ಧ ನಿಜ. ಫಾಂಟನ್ನು ಹಿಗ್ಗಿಸಿದರೆ ಅಂಚು ಒಡೆಯುವುದಿಲ್ಲ, ನಿಜ. ಕುಗ್ಗಿಸಿದರೆ ಅಕ್ಷರದ ಜೊತೆ ಗೆರೆಯೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಕಾಗದ, ಶಾಯಿ, ಕಣ್ಣು ಮಾತ್ರ ಕುಗ್ಗುವುದಿಲ್ಲ.

ಅಚ್ಚುಮೊಳೆಯ ಕಾಲದಲ್ಲಿ ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಒಂದೊಂದು ಸೈಜಿಗೂ ಬೇರೆಯಾಗಿಯೇ ಅಚ್ಚು ಕೆತ್ತುತ್ತಿದ್ದರು. ಚಿಕ್ಕ ಸೈಜಿನ ಅಕ್ಷರವನ್ನು ಕೊಂಚ ದಪ್ಪವಾಗಿ, ಅಗಲವಾಗಿ, ಒಳಗಿನ ಜಾಗ ಬಿಡಿಸಿ ಮಾಡುತ್ತಿದ್ದರು. 1880ರ ದಶಕದಲ್ಲಿ ಲಿನ್ ಬಾಯ್ಡ್ ಬೆಂಟನ್ ಎಂಬುವರ ಅಚ್ಚು ಕೊರೆಯುವ ಯಂತ್ರ ಬಂತು. ಒಂದೇ ಚಿತ್ರದಿಂದ ಬೇರೆ ಬೇರೆ ಸೈಜ್ ತೆಗೆಯುವ ದಾರಿ ಅಲ್ಲಿ ತೆರೆಯಿತು. ಫಿಲ್ಮ್ ಮೇಲೆ ಅಕ್ಷರ ಜೋಡಿಸುವ ಕಾಲಕ್ಕೆ ಅದೇ ರೂಢಿಯಾಯಿತು. ಇವತ್ತು ನಾವು ಕೊಳ್ಳುವ ಬಹುತೇಕ ಫಾಂಟುಗಳಲ್ಲಿರುವುದು ಒಂದೇ ಚಿತ್ರ. ಅದನ್ನು ಯಾವ ಸೈಜಿಗೆ ಅಂತ ಬರೆದಿದ್ದಾರೋ ಆ ಸೈಜಿನ ಸುತ್ತಮುತ್ತ ಮಾತ್ರ ಅದು ಚೆನ್ನ. ನಿಮ್ಮದು ಡಿಸ್‌ಪ್ಲೇ ಫಾಂಟ್, ಅಂದರೆ ದೊಡ್ಡದಾಗಿ ಹಾಕಲೆಂದೇ ಬರೆದದ್ದು. 4 ಮಿಲಿಮೀಟರ್ ಅದರ ಊರಲ್ಲ.

ಈಗ ಅಳತೆ ತೆಗೆಯೋಣ. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಒಂದು ಕ್ಯಾಪಿಟಲ್ ‘ಐ’ ಅಥವಾ ‘ಎಚ್’ ಹಾಕಿ. ಅದನ್ನು ಕರ್ವ್ಸ್‌ಗೆ, ಅಂದರೆ ಬರೀ ಆಕಾರಕ್ಕೆ, ಬದಲಾಯಿಸಿ, ಎತ್ತರವನ್ನು ಸರಿಯಾಗಿ 100 ಮಿಲಿಮೀಟರ್ ಮಾಡಿ. ನಿಂತ ಗೆರೆಯ ಅಗಲ ಅಳೆಯಿರಿ. ಕೈಬರಹದ ಫಾಂಟ್ ಆದ್ದರಿಂದ ಎಲ್ಲ ಕಡೆ ಒಂದೇ ಅಗಲ ಇರುವುದಿಲ್ಲ. ತೀರಾ ತೆಳುವಾದ ಜಾಗವನ್ನೇ ಅಳೆಯಿರಿ. ತುಂಡಾಗುವುದು ಅಲ್ಲೇ. ಅಲ್ಲಿ 3 ಮಿಲಿಮೀಟರ್ ಬಂತು ಅಂತ ಇಟ್ಟುಕೊಳ್ಳಿ. ಹಾಗಿದ್ದರೆ ಗೆರೆ ಎತ್ತರದ 100ಕ್ಕೆ 3 ಪಾಲು. ಇದೊಂದು ಸಂಖ್ಯೆ ಬರೆದಿಟ್ಟುಕೊಂಡರೆ ಮುಂದಿನದೆಲ್ಲ ಗುಣಾಕಾರ.

ಲೇಬಲ್‌ನಲ್ಲಿ ಆಗಿದ್ದೇನು

4 ಮಿಲಿಮೀಟರ್ ಎತ್ತರಕ್ಕೆ ಗೆರೆ 0.12 ಮಿಲಿಮೀಟರ್. ಪ್ರಿಂಟಿಂಗ್‌ನವರ ಲೆಕ್ಕದಲ್ಲಿ ಸುಮಾರು 0.34 ಪಾಯಿಂಟ್. ಬಿಳಿ ಕಾಗದದ ಮೇಲೆ ಕಪ್ಪು ಗೆರೆಗೆ 0.25 ಪಾಯಿಂಟ್ ಕನಿಷ್ಠ ಅನ್ನುವುದು ಪ್ರೆಸ್ಸಿನಲ್ಲಿ ಎಲ್ಲರೂ ಹಿಡಿಯುವ ಅಂದಾಜು. ಬಣ್ಣದ ನಡುವೆ ಬಿಳಿ ಬಿಡುವ ಕೆಲಸಕ್ಕೆ, ಅಂದರೆ ರಿವರ್ಸ್‌ಗೆ, ಕನಿಷ್ಠ 0.5 ಪಾಯಿಂಟ್ ಬೇಕು. ನಿಮ್ಮ ಅಕ್ಷರ ಬಿಳಿಯ ಮೇಲೆ ಕಪ್ಪಾಗಿದ್ದರೆ ಪಾಸಾಗುತ್ತಿತ್ತು. ರಿವರ್ಸ್‌ನಲ್ಲಿ ಫೇಲ್ ಆಯಿತು.

ಯಾಕೆ ಈ ಭೇದ? ಶಾಯಿ ಕಾಗದಕ್ಕೆ ಒತ್ತಿದಾಗ ಅಂಚಿನಿಂದ ಸ್ವಲ್ಪ ಹರಡುತ್ತದೆ. ಕೋಟಿಂಗ್ ಇಲ್ಲದ, ಶಾಯಿ ಹೀರುವ ಕಾಗದದಲ್ಲಿ ಇನ್ನೂ ಜಾಸ್ತಿ. ಕಪ್ಪು ಗೆರೆ ಹರಡಿದರೆ ಗೆರೆ ದಪ್ಪವಾಗುತ್ತದೆ, ನಿಮಗೆ ಲಾಭ. ಹಸಿರು ಹರಡಿದರೆ ಎರಡೂ ಕಡೆಯಿಂದ ಬಿಳಿ ಗೆರೆಯನ್ನೇ ತಿನ್ನುತ್ತದೆ.

ಸ್ಕ್ರೀನ್‌ನಲ್ಲಿ ಇದಕ್ಕೆ ತದ್ವಿರುದ್ಧ. ಕಪ್ಪಿನ ಮೇಲಿನ ಬಿಳಿ ಗೆರೆ ಬೆಳಕು ಚೆಲ್ಲುವುದರಿಂದ ಕಣ್ಣಿಗೆ ಇರುವುದಕ್ಕಿಂತ ಕೊಂಚ ದಪ್ಪವಾಗಿ ಕಾಣುತ್ತದೆ. ಲ್ಯಾಪ್‌ಟಾಪ್‌ನಲ್ಲಿ ನೋಡಿ ನೀವು ಒಪ್ಪಿದ್ದು ಆ ದಪ್ಪವನ್ನು. ಅದರ ಜೊತೆಗೆ, ನಾವೆಲ್ಲ ಡಿಸೈನ್ ಮಾಡುವಾಗ ಜೂಮ್ ಮಾಡಿಕೊಂಡೇ ಕೂತಿರುತ್ತೇವೆ. 400 ಪರ್ಸೆಂಟ್ ಜೂಮಿನಲ್ಲಿ ಯಾವ ಫಾಂಟ್ ತಾನೇ ಕೆಟ್ಟದಾಗಿ ಕಾಣುತ್ತದೆ?

ಮುಂದಿನ ಕಾರಣ ನಿಮ್ಮ ಕಡು ಹಸಿರು. ಅದು ಬಹುಶಃ ಒಂದೇ ಶಾಯಿಯಿಂದ ಬಂದಿಲ್ಲ. ನೀಲಿ, ಹಳದಿ, ಕಪ್ಪು, ಒಂಚೂರು ಕೆಂಪು ಸೇರಿ ಆಗಿರುತ್ತದೆ. ಪ್ರೆಸ್ಸಿನಲ್ಲಿ ಒಂದೊಂದು ಶಾಯಿಗೂ ಒಂದೊಂದು ಪ್ಲೇಟ್. ಅಷ್ಟೂ ಪ್ಲೇಟುಗಳಲ್ಲಿ ನಿಮ್ಮ ಅಕ್ಷರದ ಜಾಗ ಖಾಲಿ ಇರಬೇಕು, ಅಷ್ಟೂ ಖಾಲಿ ಜಾಗ ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಬೇಕು. ಒಂದು ಪ್ಲೇಟ್ 0.1 ಮಿಲಿಮೀಟರ್ ಸರಿದರೂ 0.12ರ ಗೆರೆಯಲ್ಲಿ ಶುದ್ಧ ಬಿಳಿ ಉಳಿಯುವುದು 0.02. ಗೆರೆ ‘ತುಂಡಾಗಿದೆ’ ಅಂತ ನೀವು ಬರೆದ ಜಾಗವನ್ನು ಭೂತಗನ್ನಡಿಯಲ್ಲಿ ನೋಡಿ. ಅಲ್ಲಿ ತಿಳಿ ನೀಲಿಯೋ ಹಳದಿಯೋ ಇಣುಕುತ್ತಿದ್ದರೆ ಕಾರಣ ಇದೇ. ಡಿಜಿಟಲ್ ಮೆಷಿನ್‌ನಲ್ಲಿ ಪ್ಲೇಟ್ ಇರುವುದಿಲ್ಲ. ಆದರೂ ಬಣ್ಣಗಳು ಹೊಂದಿಕೊಂಡು ಕೂರಲೇಬೇಕು, ಟೋನರ್ ಪುಡಿ ಅಂಚಿನಲ್ಲಿ ಚದುರುವುದೂ ಉಂಟು.

ಫೈಲನ್ನು ಹೇಗೆ ಕಳಿಸಿದಿರಿ? ಜೆಪಿಇಜಿ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ್ದರೆ ಅರ್ಧ ತಪ್ಪು ಅಲ್ಲೇ ಆಗಿದೆ. 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕೆ ಇರುವ ಚಿತ್ರದಲ್ಲಿ ಒಂದು ಪಿಕ್ಸೆಲ್ ಸುಮಾರು 0.085 ಮಿಲಿಮೀಟರ್. ನಿಮ್ಮ ಗೆರೆಗೆ ಸಿಗುವುದು ಒಂದೂವರೆ ಪಿಕ್ಸೆಲ್‌ಗಿಂತ ಕಡಿಮೆ. ಅದರ ಮೇಲೆ ವಾಟ್ಸ್‌ಆ್ಯಪ್ ಇನ್ನಷ್ಟು ಹಿಂಡುತ್ತದೆ. ಅಕ್ಷರವನ್ನು ಕರ್ವ್ಸ್ ಮಾಡಿ, ಪಿಡಿಎಫ್ ಕೊಡಿ.

ತೆಳು ಅಕ್ಷರಕ್ಕೆ ತಿಳಿ ಬಣ್ಣ ಕೊಡುವಾಗಲೂ ಹುಷಾರು. 60 ಪರ್ಸೆಂಟ್ ಕಪ್ಪು ಅಂದರೆ ಪ್ರೆಸ್ಸಿನಲ್ಲಿ ಅದು ಚುಕ್ಕೆಗಳ ಸಾಲು. ಇಂಚಿಗೆ 150 ಸಾಲು ಚುಕ್ಕೆ ಬರುವ ಪ್ರೆಸ್ಸಿನ ಸ್ಕ್ರೀನಿನಲ್ಲಿ ಚುಕ್ಕೆಯಿಂದ ಚುಕ್ಕೆಗೆ 0.17 ಮಿಲಿಮೀಟರ್. ನಿಮ್ಮ ಗೆರೆ ಅದಕ್ಕಿಂತ ಕಿರಿದು. ಹಾಗಾಗಿ ಅದು ಗೆರೆಯಾಗಿ ಬರುವುದೇ ಇಲ್ಲ, ಚುಕ್ಕೆಚುಕ್ಕೆಯಾಗಿ ಬರುತ್ತದೆ. ತೆಳು ಅಕ್ಷರಕ್ಕೆ ಯಾವುದಾದರೂ ಒಂದು ಶಾಯಿಯನ್ನು 100 ಪರ್ಸೆಂಟ್ ಕೊಡಿ.

ಒಟ್ಟಿನಲ್ಲಿ ಪ್ರಿಂಟರ್ ಹೇಳಿದ ‘ಫಾಂಟೇ ಸರಿಯಿಲ್ಲ’ ಅನ್ನುವ ಮಾತು ಪೂರ್ತಿ ಸರಿಯಲ್ಲ. ಇದೇ ಫಾಂಟನ್ನು 6 ಮಿಲಿಮೀಟರ್ ಎತ್ತರಕ್ಕೆ ಏರಿಸಿದರೆ ಗೆರೆ 0.18 ಮಿಲಿಮೀಟರ್ ಆಗುತ್ತದೆ, 0.5 ಪಾಯಿಂಟ್ ದಾಟುತ್ತದೆ. ಅಕ್ಷರ ಕಿರಿದಾಗಿರುವುದರಿಂದ ಲೇಬಲ್‌ನ ಅಗಲದಲ್ಲಿ ಜಾಗ ಸಿಗಬಹುದು. ಆದರೆ 0.5 ಅನ್ನುವುದು ಒಂದೇ ಶಾಯಿಯ ಹಿನ್ನೆಲೆಗೆ ಸಾಕಾಗುವ ಸಂಖ್ಯೆ. ನಾಲ್ಕು ಬಣ್ಣದ ಹಿನ್ನೆಲೆಯಾದರೆ ನಾನು 0.75ಕ್ಕಿಂತ ಕೆಳಗೆ ಹೋಗುವುದಿಲ್ಲ. ಅದಕ್ಕೆ ಅಕ್ಷರ 9 ಮಿಲಿಮೀಟರ್ ಬೇಕಾಗುತ್ತದೆ. ಇಲ್ಲವೇ ಹಸಿರನ್ನು ಒಂದೇ ವಿಶೇಷ ಶಾಯಿಯಾಗಿ ಕಲಸಿ ಹಾಕಿಸಿ. ಇನ್ನೂ ಸುಲಭ ಅಂದರೆ ಬಿಳಿ ಅಥವಾ ಕೆನೆ ಬಣ್ಣದ ಕಾಗದದ ಮೇಲೆ ಕಡು ಹಸಿರು ಅಕ್ಷರ. ಆ ಹಸಿರೂ ಒಂದೇ ಶಾಯಿಯಾಗಿರಲಿ.

ಮಾನಿಟರ್ ಮತ್ತು ಬ್ಯಾನರ್

ವೆಬ್‌ಸೈಟ್‌ನಲ್ಲಿ ಹೆಡ್ಡಿಂಗ್ 24 ಪಿಕ್ಸೆಲ್ ಇದೆ ಅಂತಿಟ್ಟುಕೊಳ್ಳಿ. ಕ್ಯಾಪಿಟಲ್ ಅಕ್ಷರದ ಎತ್ತರ ಸಾಮಾನ್ಯವಾಗಿ ಫಾಂಟ್ ಸೈಜಿನ ಮುಕ್ಕಾಲಿಗಿಂತ ಸ್ವಲ್ಪ ಕಡಿಮೆ, ಅಂದರೆ ಇಲ್ಲಿ ಸುಮಾರು 17 ಪಿಕ್ಸೆಲ್. 100ಕ್ಕೆ 3ರಂತೆ ಗೆರೆ ಅರ್ಧ ಪಿಕ್ಸೆಲ್. ಅರ್ಧ ಪಿಕ್ಸೆಲ್ಲನ್ನು ಮಾನಿಟರ್ ಬೆಳಗಿಸಲಾರದು. ಅದು ಒಂದು ಇಡೀ ಪಿಕ್ಸೆಲ್ಲನ್ನು ಅರ್ಧ ಕಪ್ಪು ಮಾಡುತ್ತದೆ. ತಮ್ಮನ ಮಾನಿಟರ್‌ನಲ್ಲಿ ಕಂಡ ಬೂದು ಅದೇ. ನಿಮ್ಮ ಫೋನಿನಲ್ಲಿ ಅಷ್ಟೇ ಜಾಗಕ್ಕೆ ಎರಡು ಮೂರು ಪಟ್ಟು ಸಣ್ಣ ಪಿಕ್ಸೆಲ್‌ಗಳಿರುತ್ತವೆ. ಗೆರೆಗೆ ಪೂರ್ತಿ ಪಿಕ್ಸೆಲ್ ಸಿಗುತ್ತದೆ, ಕಪ್ಪಗೆ ಕಾಣುತ್ತದೆ.

ವೆಬ್ ಬರಹ ಎಲ್ಲರಿಗೂ ಓದಲು ಸಿಗಬೇಕು ಅಂತ ಡಬ್ಲ್ಯುಸಿಎಜಿ ಎಂಬ ಮಾರ್ಗಸೂಚಿ ಇದೆ. ಅದರ ಪ್ರಕಾರ ಸಾಮಾನ್ಯ ಬರಹಕ್ಕೂ ಹಿನ್ನೆಲೆಗೂ ಕನಿಷ್ಠ 4.5:1 ಕಾಂಟ್ರಾಸ್ಟ್ ಇರಬೇಕು, ದೊಡ್ಡ ಅಕ್ಷರಕ್ಕೆ 3:1. ಬಿಳಿಯ ಮೇಲೆ ಕಪ್ಪು 21:1. ಅದೇ ಕಪ್ಪು ಅರ್ಧ ಪಿಕ್ಸೆಲ್ ಗೆರೆಯಾಗಿ ಬೂದುವಾದಾಗ ಹೆಚ್ಚು ಕಡಿಮೆ 4:1ಕ್ಕೆ ಇಳಿಯುತ್ತದೆ. ಪರೀಕ್ಷೆ ಮಾಡುವ ಸಾಫ್ಟ್‌ವೇರ್‌ಗೆ ಇದು ಗೊತ್ತಾಗುವುದಿಲ್ಲ. ನೀವು ಕೊಟ್ಟ ಬಣ್ಣದ ಕೋಡ್ ನೋಡಿ ಅದು 21 ಅನ್ನುತ್ತದೆ. ಹಾಗಾಗಿ ತೆಳು ಫಾಂಟಿಗೆ ‘ಮೆತ್ತಗಿನ’ ಬೂದು ಬಣ್ಣ ಕೊಡುವ ಫ್ಯಾಷನ್ ನನಗೆ ಇಷ್ಟವಿಲ್ಲ. ತೆಳುತನವೇ ಅದನ್ನು ಸಾಕಷ್ಟು ಮೆತ್ತಗೆ ಮಾಡಿರುತ್ತದೆ, ಬಣ್ಣವನ್ನಾದರೂ ಕಡುವಾಗಿ ಇಡಿ. ಹಳೆಯ ಮಾನಿಟರ್‌ನಲ್ಲೂ ಗೆರೆಗೆ ಒಂದು ಪಿಕ್ಸೆಲ್ ಸಿಗಬೇಕಾದರೆ ಸೈಜ್ 48ರ ಹತ್ತಿರ ಇರಬೇಕು. ಹೆಡ್ಡಿಂಗಿಗೆ ಅದೇನೂ ಜಾಸ್ತಿಯಲ್ಲ.

ಬ್ಯಾನರ್‌ಗೆ ಕಣ್ಣಿನ ಲೆಕ್ಕ. ಕಣ್ಣು ಪರೀಕ್ಷೆಯ ಬೋರ್ಡಿನಲ್ಲಿ, 6 ಮೀಟರ್ ದೂರದಿಂದ ಸರಿಯಾದ ದೃಷ್ಟಿಯವರು ಓದಬೇಕಾದ ಸಾಲಿನ ಅಕ್ಷರ 9 ಮಿಲಿಮೀಟರಿಗೆ ಒಂಚೂರು ಕಡಿಮೆ ಎತ್ತರ ಇರುತ್ತದೆ. ಅದರ ಗೆರೆ ಎತ್ತರದ ಐದನೇ ಒಂದು ಭಾಗ. ನಿಮ್ಮ ಫಾಂಟಿನಲ್ಲಿ ಗೆರೆ ಎತ್ತರದ ಮೂವತ್ತಮೂರನೇ ಒಂದು ಭಾಗ. ಅದೇ ಹೋಲಿಕೆಯಲ್ಲಿ ನೋಡಿದರೆ 1 ಮಿಲಿಮೀಟರ್ ಗೆರೆಗೆ ಸುಮಾರು 3.4 ಮೀಟರ್ ದೂರ ಮಿತಿ. 10 ಮೀಟರಿನಿಂದ ಓದಿಸಬೇಕಾದರೆ 3 ಮಿಲಿಮೀಟರ್ ಗೆರೆ, ಅಂದರೆ 10 ಸೆಂಟಿಮೀಟರ್ ಅಕ್ಷರ. ಇದು ಒಳ್ಳೆ ಕಣ್ಣು, ಒಳ್ಳೆ ಬೆಳಕು, ನಿಂತು ನೋಡುವವರಿಗೆ. ನಡೆದು ಹೋಗುವವರಿಗೆ ಎರಡರಷ್ಟು ಇಟ್ಟುಕೊಳ್ಳಿ. ಬಟ್ಟೆಯ ಬ್ಯಾನರ್ ಗಾಳಿಗೆ ಅಲುಗುತ್ತದೆ, ಫೋಟೊದ ಮೇಲೆ ಅಕ್ಷರ ಹಾಕಿದರೆ ಗೆರೆ ಫೋಟೊದೊಳಗೆ ಕಳೆದುಹೋಗುತ್ತದೆ. ಬ್ಯಾನರಿಗೆ ಒಂದೇ ಬಣ್ಣದ ಹಿನ್ನೆಲೆ ಸಾಕು.

ತೆಳು ಫಾಂಟಿನ ಕಾಲ ಮುಗಿಯಿತು ಅಂದವರ ಮಾತಿಗೂ ಒಂದು ಹಿನ್ನೆಲೆ ಇದೆ. 2013ರಲ್ಲಿ ಐಫೋನಿನ ಐಓಎಸ್ 7 ಬರುವ ಮುಂಚೆ, ಅದರ ಪರೀಕ್ಷಾ ಆವೃತ್ತಿಗಳಲ್ಲಿ ಹೆಲ್ವೆಟಿಕಾ ನ್ಯೂ ಎಂಬ ಫಾಂಟಿನ ತೆಳು ರೂಪ ಹಾಕಿದ್ದರು. ಓದಲು ಕಷ್ಟ ಅಂತ ಟೀಕೆ ಬಂತು. ಬಿಡುಗಡೆಗೆ ಮುಂಚೆಯೇ ಅದನ್ನು ದಪ್ಪ ಮಾಡಿದರು, ಬೋಲ್ಡ್ ಟೆಕ್ಸ್ಟ್ ಅನ್ನುವ ಆಯ್ಕೆಯನ್ನೂ ಕೊಟ್ಟರು. ಆದರೆ ಅಲ್ಲಿ ತೆಳು ಅಕ್ಷರ ಹಾಕಿದ್ದು ಮೆನು, ಬಟನ್, ಸಂದೇಶಗಳಿಗೆ, ದಿನವಿಡೀ ಓದುವ ಜಾಗಕ್ಕೆ. ನಿಮ್ಮದು ಒಂದು ಹೆಸರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಬೇಡ.

ಬೋಲ್ಡ್ ಒತ್ತಿದರೆ ಆಗುವುದಿಲ್ಲವೇ?

ನಿಮ್ಮ ಫಾಂಟಿನ ಜೊತೆ ನಿಜವಾದ ಬೋಲ್ಡ್ ಫೈಲ್ ಬಂದಿದೆಯಾ ನೋಡಿ. ಬಂದಿದ್ದರೆ ಧಾರಾಳವಾಗಿ ಬಳಸಿ. ಅದನ್ನು ಫಾಂಟ್ ಮಾಡಿದವರೇ ಬರೆದಿರುತ್ತಾರೆ. ಆದರೆ ಗೆರೆ ದಪ್ಪವಾದ ಮೇಲೆ ಕೈಯ ಅಲುಗಾಟ ಕಡಿಮೆ ಕಾಣುತ್ತದೆ, ನಿಮಗೆ ಹಿಡಿಸಿದ ಗುಣ ಒಂದಿಷ್ಟು ಹೋಗುತ್ತದೆ. ಬೋಲ್ಡ್ ಫೈಲ್ ಇಲ್ಲದೆ ‘ಬಿ’ ಬಟನ್ ಒತ್ತಿದರೆ ಸಾಫ್ಟ್‌ವೇರ್ ಸುಳ್ಳು ಬೋಲ್ಡ್ ಮಾಡುತ್ತದೆ. ಇರುವ ಗೆರೆಯನ್ನೇ ಸುಮ್ಮನೆ ಉಬ್ಬಿಸುತ್ತದೆ ಅಥವಾ ಪಕ್ಕಕ್ಕೆ ಸರಿಸಿ ಇನ್ನೊಂದು ಸಲ ಬಳಿಯುತ್ತದೆ. ಬ್ರೌಸರ್ ಕೂಡ ಇದನ್ನೇ ಮಾಡುತ್ತದೆ. ವೆಬ್‌ಸೈಟ್ ಮಾಡಿದವರಿಗೆ ಹೇಳಿ ಅದನ್ನು ನಿಲ್ಲಿಸಿ.

ಔಟ್‌ಲೈನ್ ಕೊಟ್ಟು ದಪ್ಪ ಮಾಡುವುದು ಇದಕ್ಕಿಂತ ಮೇಲು, ಆದರೆ ಅದು ತುರ್ತಿನ ಉಪಾಯ. ಅಕ್ಷರದ ಬಣ್ಣದ್ದೇ 0.2 ಪಾಯಿಂಟ್ ಔಟ್‌ಲೈನ್ ಕೊಟ್ಟರೆ ಗೆರೆಯ ಎರಡು ಅಂಚಿಗೂ 0.1 ಸೇರುತ್ತದೆ. ನಿಮ್ಮ 0.34 ಗೆರೆ 0.54 ಆಗುತ್ತದೆ. ಇಷ್ಟರ ತನಕ ಕಣ್ಣಿಗೆ ಬಾಧೆಯಿಲ್ಲ. ಮೂಲೆಗಳು ಮುಳ್ಳಿನ ಹಾಗೆ ಚಾಚದಂತೆ ಉರುಟು ಮೂಲೆಯ ಆಯ್ಕೆ ಮಾಡಿ, ಅಕ್ಷರಗಳ ನಡುವೆ ಸ್ವಲ್ಪ ಜಾಗ ಬಿಡಿಸಿ. ಇದಕ್ಕಿಂತ ಮುಂದೆ ಹೋದರೆ ‘ಎ’, ‘ಆರ್’ ಇಂಥವುಗಳ ಒಳಜಾಗ ಮುಚ್ಚುತ್ತಾ ಬರುತ್ತದೆ.

ನಾನಾದರೆ ಹೀಗೆ ಮಾಡುತ್ತಿದ್ದೆ: ದೊಡ್ಡದಾಗಿ ಬರುವ ಕಡೆಗೆಲ್ಲ ಈಗಿನ ಫಾಂಟ್ ಹಾಗೇ ಇರಲಿ. ಚಿಕ್ಕ ಲೇಬಲ್, ಪುಸ್ತಕದ ಬೆನ್ನು, ರಬ್ಬರ್ ಸ್ಟ್ಯಾಂಪು, ವೆಬ್‌ಸೈಟಿನ ಮೂಲೆಯ ಗುರುತು, ಇವಕ್ಕೆ ಅದೇ ಹೆಸರಿನ ಎರಡನೇ ರೂಪವೊಂದನ್ನು ಬರೆಸಿ. ಅದೇ ವಾಲು, ಅದೇ ಸೊಟ್ಟ, ಗೆರೆ ಮಾತ್ರ ಎರಡರಷ್ಟು, ಒಳಜಾಗ ಕೊಂಚ ಅಗಲ. ಅಚ್ಚುಮೊಳೆಯವರು ಮಾಡುತ್ತಿದ್ದುದನ್ನೇ ನೀವು ನಾಲ್ಕಾರು ಅಕ್ಷರಕ್ಕೆ ಮಾಡಿಸುತ್ತೀರಿ. ಇದರ ಕಷ್ಟ ಏನೆಂದರೆ ಡಿಸೈನರ್‌ಗೆ ಒಂದಿಷ್ಟು ಕೆಲಸ, ಮತ್ತು ಎಲ್ಲಿ ಯಾವ ರೂಪ ಅನ್ನುವುದನ್ನು ಮುಂದೆ ನೀವೇ ಕಾಯಬೇಕು. ಎರಡು ಫೈಲ್ ಇದ್ದರೆ ಯಾರಾದರೂ ತಪ್ಪಾದದ್ದನ್ನು ಕಳಿಸಿಯೇ ಕಳಿಸುತ್ತಾರೆ. ಫೈಲಿನ ಹೆಸರಲ್ಲೇ ‘10 ಮಿಲಿಮೀಟರ್‌ಗಿಂತ ಚಿಕ್ಕದಕ್ಕೆ’ ಅಂತ ಬರೆದಿಡಿ. ನಿಮ್ಮ ಮಾರಾಟವೆಲ್ಲ ಚಿಕ್ಕ ಲೇಬಲ್‌ನಲ್ಲೇ ನಡೆಯುವುದಾದರೆ, ದೊಡ್ಡದಾಗಿ ಹಾಕುವ ಜಾಗವೇ ಇಲ್ಲದಿದ್ದರೆ, ಆಗ ಮಾತ್ರ ಪ್ರಿಂಟರ್ ಮಾತು ಕೇಳಿ ಫಾಂಟ್ ಬದಲಾಯಿಸಿ.

ಕನ್ನಡದ ಹೆಸರಿನ ವಿಷಯ. ನಿಮ್ಮ ಫಾಂಟಿನಲ್ಲಿ ಕನ್ನಡ ಇರುವುದಿಲ್ಲ. ಟೈಪ್ ಮಾಡಿದರೆ ಕಂಪ್ಯೂಟರ್ ತನ್ನಲ್ಲಿರುವ ಬೇರೊಂದು ಫಾಂಟನ್ನು ತಂದು ಕೂರಿಸುತ್ತದೆ. ಇಂಗ್ಲಿಷ್ ಬಡಕಲು, ಕನ್ನಡ ದಪ್ಪ ಆಗುತ್ತದೆ. ಹೊಂದಿಸಲು ಕನ್ನಡವನ್ನು ಅಡ್ಡಲಾಗಿ ಅಮುಕಿ ಕಿರಿದು ಮಾಡುವವರಿದ್ದಾರೆ. ದಯವಿಟ್ಟು ಬೇಡ. ಅಮುಕಿದಾಗ ನಿಂತ ಗೆರೆ ತೆಳುವಾಗುತ್ತದೆ, ಮಲಗಿದ ಗೆರೆ ಹಾಗೇ ಉಳಿಯುತ್ತದೆ. ಕನ್ನಡ ಅಕ್ಷರದ ಚೆಲುವೆಲ್ಲ ದುಂಡಗಿನ ಸುತ್ತಿನಲ್ಲಿದೆ, ಅದು ಚಪ್ಪಟೆಯಾಗುತ್ತದೆ. ಇಂಗ್ಲಿಷ್ ಎತ್ತರಕ್ಕೆ, ಕನ್ನಡ ಅಗಲಕ್ಕೆ. ಆ ವ್ಯತ್ಯಾಸ ಇದ್ದರೆ ಇರಲಿ, ಗೆರೆಯ ದಪ್ಪ ಮಾತ್ರ ಹೊಂದಲಿ.

ತೆಳು ಕನ್ನಡದಲ್ಲಿ ಎರಡು ಜಾಗ ಮೊದಲು ಕೈಕೊಡುತ್ತವೆ. ಒಂದು, ಒತ್ತಕ್ಷರ. ಒತ್ತು ಚಿಕ್ಕದು. ಅಕ್ಷರವನ್ನೇ ಕುಗ್ಗಿಸಿ ಒತ್ತು ಮಾಡಿದ ಫಾಂಟ್ ಆಗಿದ್ದರೆ ಒತ್ತಿನ ಗೆರೆಯೂ ಕುಗ್ಗಿರುತ್ತದೆ. ಅಳೆಯುವುದಾದರೆ ಒತ್ತನ್ನೇ ಅಳೆಯಿರಿ. ಇನ್ನೊಂದು, ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ. ಈ ಜೋಡಿಗಳ ನಡುವೆ ಇರುವುದು ಕೆಳಗಿನ ಒಂದು ಪುಟ್ಟ ಗೀಟು. ಅದು ಅಳಿಸಿಹೋದರೆ ಹೆಸರೇ ಬದಲಾಗುತ್ತದೆ. ತೆಳುವಿನಿಂದ ದಪ್ಪದ ತನಕ ರೂಪಗಳಿರುವ ಕನ್ನಡ ಫಾಂಟುಗಳು ಈಗ ಉಚಿತವಾಗಿಯೇ ಸಿಗುತ್ತವೆ. ಏಕ್ ಟೈಪ್‌ನವರ ಅನೇಕ್ ಕನ್ನಡ, ಗೂಗಲ್‌ನ ನೋಟೊ ಸಾನ್ಸ್ ಕನ್ನಡ ಎರಡರಲ್ಲೂ ಬೇಕಾದ ದಪ್ಪ ಹಿಡಿಯಬಹುದು. ಆದರೆ ಅವು ಅಚ್ಚುಕಟ್ಟಿನ ಫಾಂಟುಗಳು, ಕೈಯ ಅಲುಗಾಟ ಅಲ್ಲಿ ಸಿಗುವುದಿಲ್ಲ. ವಿಳಾಸ, ವಿವರಣೆಗೆ ಅವೇ ಸರಿ. ಹೆಸರಿಗೆ ಮಾತ್ರ, ಮೂರು ನಾಲ್ಕು ಅಕ್ಷರಕ್ಕೆ, ಫಾಂಟ್ ಯಾಕೆ ಬೇಕು? ಒಂದೇ ದಪ್ಪದ ಗೆರೆ ಬರುವ ಪೆನ್ನಿನಲ್ಲಿ ದೊಡ್ಡದಾಗಿ ಹತ್ತಾರು ಸಲ ಬರೆಯಿರಿ, ಚೆನ್ನಾಗಿ ಬಂದದ್ದನ್ನು 600 ಡಿಪಿಐ ಅಥವಾ ಅದಕ್ಕಿಂತ ಹೆಚ್ಚಿಗೆ ಸ್ಕ್ಯಾನ್ ಮಾಡಿಸಿ ವೆಕ್ಟರ್ ಮಾಡಿಸಿ. ಸಾಫ್ಟ್‌ವೇರ್ ತಾನಾಗಿ ಟ್ರೇಸ್ ಮಾಡಿದಾಗ ನೂರಾರು ಬೇಡದ ಬಿಂದುಗಳು ಬಂದು ಅಂಚು ತರಿತರಿಯಾಗುತ್ತದೆ. ಡಿಸೈನರ್ ಕೈಯಲ್ಲಿ ಅದನ್ನು ತಿದ್ದಿಸಿ.

ಇನ್ನು ಎಲ್ಲಿ ಬಳಸಬಹುದು, ಎಲ್ಲಿ ಬೇಡ. ಈ ಫಾಂಟ್ ಮೆಲುದನಿಯಲ್ಲಿ ಮಾತಾಡುವವರ ಹಾಗೆ. ಸುತ್ತ ಗದ್ದಲವಿಲ್ಲದಿದ್ದರೆ ಎಲ್ಲರೂ ಕಿವಿಗೊಡುತ್ತಾರೆ. ಪುಸ್ತಕದ ಮುಖಪುಟ, ಅಧ್ಯಾಯದ ಹೆಸರು, ಆಹ್ವಾನ ಪತ್ರ, ಜಾಗ ಬಿಟ್ಟು ಮಾಡಿದ ಪೋಸ್ಟರ್, ಗೆರೆಚಿತ್ರದ ಪಕ್ಕದ ಒಂದು ಮಾತು, ಇವೆಲ್ಲ ಅದರ ಜಾಗ. ತಂತಿ ಬಗ್ಗಿಸಿ ಅಥವಾ ಬೆಳಕಿನ ಕೊಳವೆಯಲ್ಲಿ ಹೆಸರು ಮಾಡಿಸುವುದಾದರೆ ಗೆರೆಯೇ ವಸ್ತುವಾಗುವುದರಿಂದ ದಪ್ಪ ಅಕ್ಷರಕ್ಕಿಂತ ಇದೇ ಸಲೀಸು. ಓದುವ ಉದ್ದ ಬರಹ, ಫೋನ್ ನಂಬರ್, ಅಳತೆ, ಬಟನ್, ಸೂಚನೆ, ಇವು ಯಾವುದಕ್ಕೂ ಬೇಡ. ಕಸೂತಿ ಮೆಷಿನ್‌ಗೂ ಬೇಡ, ದಾರದ ತುಂಬುಹೊಲಿಗೆಗೆ ಸುಮಾರು 1 ಮಿಲಿಮೀಟರ್ ಅಗಲವಾದರೂ ಬೇಕು. ಸ್ಟಿಕ್ಕರ್ ಕಟಿಂಗ್ ಮಾಡಿಸಿದರೆ ತೆಳು ಗೆರೆ ಸುಲಿಯುವಾಗಲೇ ಎದ್ದು ಬರುತ್ತದೆ.

ಲೈಸೆನ್ಸ್ ಒಂದು ನೋಡಿಬಿಡಿ. ಇಂಥ ಎಷ್ಟೋ ಫಾಂಟುಗಳು ಸ್ವಂತ ಬಳಕೆಗೆ ಮಾತ್ರ ಉಚಿತ. ನಿಮ್ಮದು ವ್ಯಾಪಾರ. ಕಂಪ್ಯೂಟರ್‌ಗೆ ಕೊಂಡ ಲೈಸೆನ್ಸ್ ವೆಬ್‌ಸೈಟಿಗೆ ಸಲ್ಲದಿರಬಹುದು. ಅಕ್ಷರ ತಿದ್ದಿ ಎರಡನೇ ರೂಪ ಮಾಡಿಸುವುದಕ್ಕೆ ಅನುಮತಿ ಇದೆಯಾ ಅನ್ನುವುದೂ ಅದರಲ್ಲೇ ಬರೆದಿರುತ್ತದೆ. ಓಪನ್ ಫಾಂಟ್ ಲೈಸೆನ್ಸ್ ಅಂತಿದ್ದರೆ ವ್ಯಾಪಾರಕ್ಕೆ ಬಳಸಬಹುದು, ತಿದ್ದಬಹುದು. ಫಾಂಟ್ ಫೈಲನ್ನೇ ಬಿಡಿಯಾಗಿ ಮಾರುವಂತಿಲ್ಲ.

ಮುಂದಿನ ಸಲ ಲೇಬಲ್ ಕೊಡುವಾಗ ಪೂರ್ತಿ ಆರ್ಡರ್ ಕೊಡಬೇಡಿ. ಒಂದೇ ಹಾಳೆಯಲ್ಲಿ 4, 6, 9 ಮಿಲಿಮೀಟರ್ ಮೂರು ಎತ್ತರಗಳಲ್ಲಿ ಹೆಸರು ಹಾಕಿ, ಹಸಿರಿನ ಮೇಲೆ ಬಿಳಿ ಒಂದು ಸಾಲು, ಬಿಳಿಯ ಮೇಲೆ ಹಸಿರು ಒಂದು ಸಾಲು. ಅದೇ ಕಾಗದ, ಅದೇ ಮೆಷಿನ್‌ನಲ್ಲಿ ಪ್ರೂಫ್ ತೆಗೆಸಿ. ಆಫೀಸಿನ ಲೇಸರ್ ಪ್ರಿಂಟರಿನ ಪ್ರೂಫ್ ಇದಕ್ಕೆ ನಡೆಯುವುದಿಲ್ಲ. ಅದನ್ನು ನಿಮಗಿಂತ ವಯಸ್ಸಾದವರೊಬ್ಬರ ಕೈಗೆ ಕೊಟ್ಟು, ಕನ್ನಡಕ ಹುಡುಕದೆ ಯಾವ ಸಾಲು ಓದಿದರು ನೋಡಿ. ಆ ಸಾಲಿನ ಅಳತೆಯನ್ನು ಪ್ರಿಂಟರಿಗೆ ಬರಹದಲ್ಲಿ ಕೊಡಿ.